ಬಿಸಿಲಿರುವಾಗಲೇ ಮಾಡಿಗೆ ಬಲೆ ಹೊದಿಸಿ: ಕಡಲ ಬದಿಯ ಮನೆಯವರಿಗೆ ತೂಫಾನಿನ ತಯಾರಿ

2021ರ ಮೇ 14, ಶುಕ್ರವಾರ. ಅಕ್ಷಯ ತದಿಗೆ. ಲಾಕ್‌ಡೌನ್ ಇದ್ದುದರಿಂದ ಎಲ್ಲರೂ ಮನೆಯಲ್ಲೇ ಇದ್ದೆವು. ಬೆಳಿಗ್ಗೆ ಅಂಗಳದಲ್ಲಿ ಒಣಮೀನು ಹರವಿದ್ದೆ. ಬಿಸಿಲು ಚುರುಕಾಗಿತ್ತು. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಆಗಿದೆ, ಅದು ಜೋರಾಗಿ ಗುಜರಾತ್ ಕಡೆ ಹೋಗುತ್ತದೆ ಎಂದು ಟಿವಿಯಲ್ಲಿ ಹೇಳಿದರು. "ಗುಜರಾತಿಗೆ ಹೋಪ್ದಾರೆ ನಮ್ಗೆಂತ?" ಎಂದರು ಮಾವ. ನನಗೂ ಹಾಗೇ ಅನಿಸಿತು.

ಮರುದಿನ ಮಧ್ಯಾಹ್ನ ಕಡಲು ಕಲ್ಲಿನ ತಡೆಗೋಡೆ ದಾಟಿ ನಮ್ಮ ಅಂಗಳಕ್ಕೆ ಬಂತು.

ನಮ್ಮ ಮನೆ ಉಡುಪಿ ಜಿಲ್ಲೆಯ ಮರವಂತೆಯಲ್ಲಿ. ನೋಡಿದವರಿಗೆ ಗೊತ್ತಿರುತ್ತದೆ, ಹೆದ್ದಾರಿಯ ಪಡು ಬದಿಯಲ್ಲಿ ಕಡಲು, ಮೂಡು ಬದಿಯಲ್ಲಿ ಸೌಪರ್ಣಿಕಾ ಹೊಳೆ. ಆ ತೂಫಾನಿಗೆ ತೌಕ್ತೆ ಎಂದು ಹೆಸರಿಟ್ಟಿದ್ದರು. ಅದು ನಮ್ಮ ಊರಿಗೆ ಬರಲೇ ಇಲ್ಲ. ಸುಮಾರು 200 ಕಿಲೋಮೀಟರ್ ದೂರದಲ್ಲಿ, ಕಡಲ ಮೇಲೆಯೇ ಬಡಗು ದಿಕ್ಕಿಗೆ ಹೋಯಿತು. ದಡ ಮುಟ್ಟಿದ್ದು 17ರ ರಾತ್ರಿ, ಗುಜರಾತಿನ ಕರಾವಳಿಯಲ್ಲಿ, ದಿಯು ಹತ್ತಿರ. ಆದರೂ ನಮ್ಮ ಓಣಿಯಲ್ಲಿ ಮಾಡು, ಅಂದರೆ ಮನೆಯ ಛಾವಣಿ, ಹಾರಿತು, ತೆಂಗಿನ ಮರಗಳು ಕಡಲ ಪಾಲಾದವು, ಬಾವಿ ಉಪ್ಪಾಯಿತು.

ಅದಾದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಏನು ಮಾಡಿದ್ದು ಸರಿಯಾಯಿತು, ಯಾವುದು ತಡವಾಯಿತು ಎಂದು ಬರೆದಿದ್ದೇನೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಬಂದಾಗ ಅದನ್ನೇ ತೆಗೆದು ಓದಿ ಕೆಲಸ ಮಾಡಿದೆವು. ಅದರಲ್ಲಿರುವುದನ್ನು ಕಡಲ ಬದಿಯ ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಹೇಳುತ್ತಿದ್ದೇನೆ.

ಎರಡು ಮೆಟ್ಟಿಲು ಮೇಲಿನದಕ್ಕೆ ತಯಾರಾಗಿ

ಮೊದಲು ತಿಳಿಯಬೇಕಾದದ್ದು ಹವಾಮಾನ ಇಲಾಖೆಯ ಮಾತು. ಅವರು ಬಳಸುವ ಒಂದೊಂದು ಪದಕ್ಕೂ ಒಂದು ಲೆಕ್ಕ ಇದೆ. ಗಾಳಿ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತ. 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ, ಆಗಲೇ ಅದಕ್ಕೆ ಹೆಸರು ಸಿಗುವುದು. 89 ದಾಟಿದರೆ ತೀವ್ರ, 118 ದಾಟಿದರೆ ಅತಿ ತೀವ್ರ. ಅದಕ್ಕೂ ಮೇಲಿನವು ಇವೆ, 222 ಆದರೆ ಸೂಪರ್ ಸೈಕ್ಲೋನ್.

ಗಾಳಿಯ ವೇಗ ಎರಡು ಪಟ್ಟಾದರೆ ಅದು ಗೋಡೆಗೆ, ಮಾಡಿಗೆ ಕೊಡುವ ಒತ್ತಡ ನಾಲ್ಕು ಪಟ್ಟಾಗುತ್ತದೆ. 60ರ ಗಾಳಿಗೂ 120ರ ಗಾಳಿಗೂ ಇರುವ ಅಂತರ ಅಷ್ಟು ದೊಡ್ಡದು.

ತೌಕ್ತೆ 14ರ ಬೆಳಿಗ್ಗೆ ಬರೀ ವಾಯುಭಾರ ಕುಸಿತವಾಗಿತ್ತು. ಅದೇ ನಡುರಾತ್ರಿ ಹೊತ್ತಿಗೆ ಚಂಡಮಾರುತವಾಯಿತು. 16ರ ಬೆಳಗಿನ ಜಾವಕ್ಕೆ ಅತಿ ತೀವ್ರ ಚಂಡಮಾರುತ. ಎರಡು ದಿನ ತುಂಬುವ ಮೊದಲೇ ಇಷ್ಟೆಲ್ಲ ಆಯಿತು. ನೀರು 26-27 ಡಿಗ್ರಿಗಿಂತ ಬಿಸಿ ಇದ್ದರೆ ತೂಫಾನಿಗೆ ಬಲ ಸಿಗುತ್ತದೆ. ಮೇ ತಿಂಗಳಲ್ಲಿ ನಮ್ಮ ಅರಬ್ಬೀ ಸಮುದ್ರ 30ರ ಆಸುಪಾಸಿನಲ್ಲಿರುತ್ತದೆ. ಒಲೆ ಮೊದಲೇ ಕಾದಿರುತ್ತದೆ.

ಹಾಗಾಗಿ ನಮ್ಮ ಮನೆಯ ನಿಯಮ ಇದು. ಬುಲೆಟಿನ್‌ನಲ್ಲಿ ಇವತ್ತು ಏನಿದೆಯೋ ಅದಕ್ಕಿಂತ ಎರಡು ಮೆಟ್ಟಿಲು ಮೇಲಿನದಕ್ಕೆ ತಯಾರಾಗುತ್ತೇವೆ. ಹೆಸರು ಬರುವವರೆಗೆ ಕಾಯುವುದಿಲ್ಲ. "ದಡ ಮುಟ್ಟುವ ಜಾಗ" ಎಂದು ಯಾವ ಊರಿನ ಹೆಸರು ಹೇಳುತ್ತಾರೆ ಎಂದೂ ಕಾಯುವುದಿಲ್ಲ. ಕರ್ನಾಟಕದ ಕರಾವಳಿಗೆ ಕೇಡು ಮಾಡುವ ತೂಫಾನುಗಳು ಹೆಚ್ಚಾಗಿ ನಮ್ಮನ್ನು ಪಕ್ಕದಿಂದ ಹಾದು ಹೋಗುವಂಥವು. 2019ರ ಅಕ್ಟೋಬರ್‌ನಲ್ಲಿ ಬಂದ ಕ್ಯಾರ್ ಕೂಡ ಹಾಗೇ, ನಮ್ಮ ದಡ ಮುಟ್ಟಲೇ ಇಲ್ಲ.

ಬುಲೆಟಿನ್‌ನಲ್ಲಿ ನಾನು ನೋಡುವುದು ನಾಲ್ಕು ಸಂಗತಿ. ತೂಫಾನಿನ ನಡುಭಾಗ ನಮ್ಮಿಂದ ಎಷ್ಟು ದೂರ. ಹಿಂದಿನ ಬುಲೆಟಿನ್‌ಗಿಂತ ಗಾಳಿ ಜಾಸ್ತಿಯಾಗಿದೆಯಾ. ನಮ್ಮ ಜಿಲ್ಲೆಗೆ ಮಳೆಯ ಬಣ್ಣ ಯಾವುದು, ಹಳದಿಯೋ ಕಿತ್ತಳೆಯೋ ಕೆಂಪೋ. ತೆರೆ ಎಷ್ಟು ಮೀಟರ್ ಎತ್ತರ. ಕೊನೆಯದನ್ನು ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಹೇಳುತ್ತದೆ. ಚಂಡಮಾರುತ ಆದ ಮೇಲೆ ಮೂರು ಗಂಟೆಗೊಮ್ಮೆ ಹೊಸ ಬುಲೆಟಿನ್ ಬರುತ್ತದೆ. ಫೋನಿನಲ್ಲಿ ಸರ್ಕಾರದ ಸಚೇತ್ ಆ್ಯಪ್ ಹಾಕಿಕೊಂಡರೆ ಎಚ್ಚರಿಕೆ ತಾನಾಗಿ ಬರುತ್ತದೆ. ವಾಟ್ಸಾಪ್‌ನಲ್ಲಿ ಹರಿದಾಡುವ ವಿಡಿಯೋ ನಂಬಬೇಡಿ. ಆ ದಿನಗಳಲ್ಲಿ ಬೇರೆ ಯಾವುದೋ ದೇಶದ ತೆರೆಯ ವಿಡಿಯೋ ನಮ್ಮ ಗಂಗೊಳ್ಳಿಯದು ಎಂದು ಬಂದಿತ್ತು. ಅತ್ತೆ ಅದನ್ನು ನೋಡಿ ಊಟ ಬಿಟ್ಟು ಕೂತಿದ್ದರು.

ಇನ್ನೊಂದು ಕ್ಯಾಲೆಂಡರ್ ನೋಡುವುದು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇದ್ದರೆ ಉಬ್ಬರ ದೊಡ್ಡದು. ದಿನಕ್ಕೆ ಎರಡು ಸಲ ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಉಬ್ಬರದ ಹೊತ್ತು ಗೋಡೆಯ ಮೇಲೆ ಚಾಕ್‌ನಲ್ಲಿ ಬರೆದಿಡಿ. ಕಡಲು ಮನೆಯೊಳಗೆ ಬರುವುದಾದರೆ ಹೆಚ್ಚಾಗಿ ಆ ಹೊತ್ತಿಗೇ ಬರುತ್ತದೆ.

ಮಾಡು, ಟ್ಯಾಂಕು, ತೆಂಗು

ಮಾಡಿನ ಕೆಲಸ ಗಾಳಿ ಶುರುವಾಗುವ ಮೊದಲೇ ಮುಗಿಯಬೇಕು. ಗಾಳಿ ಬಂದ ಮೇಲೆ ಯಾರನ್ನೂ ಮಾಡು ಹತ್ತಲು ಬಿಡಬೇಡಿ, ಎಷ್ಟೇ ಹೆಂಚು ಹಾರಲಿ.

ನಮ್ಮದು ಹೆಂಚಿನ ಮನೆ. ಗಾಳಿ ಮೊದಲು ಹಿಡಿಯುವುದು ಮಾಡಿನ ಅಂಚನ್ನು. ಒಂದು ಹೆಂಚು ಎದ್ದರೆ ಒಳಗೆ ಗಾಳಿ ನುಗ್ಗುತ್ತದೆ, ಆಮೇಲೆ ಸಾಲು ಸಾಲಾಗಿ ಹೋಗುತ್ತವೆ. ಅದಕ್ಕೆ ನಾವು ಮಾಡುವ ಉಪಾಯ ಹಳೆ ಬಲೆ. ಕೆಲಸಕ್ಕೆ ಬಾರದ ದೊಡ್ಡ ಬಲೆಯನ್ನು ಇಡೀ ಮಾಡಿನ ಮೇಲೆ ಹೊದಿಸಬೇಕು. ಅಂಚುಗಳನ್ನು ಕೆಳಕ್ಕೆ ಎಳೆದು ನೆಲದಲ್ಲಿ ಹೊಡೆದ ಗೂಟಗಳಿಗೆ ಬಿಗಿಯಬೇಕು. ಬಲೆಯ ಕಣ್ಣುಗಳಿಂದ ಗಾಳಿ ಹಾದುಹೋಗುತ್ತದೆ, ಹೆಂಚು ಮಾತ್ರ ಕದಲುವುದಿಲ್ಲ. ಟಾರ್ಪಾಲ್ ಹೊದಿಸಿದರೆ ಅದೇ ಹಾಯಿಯ ಹಾಗೆ ಉಬ್ಬಿ ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತದೆ. ತೌಕ್ತೆಯಲ್ಲಿ ನಾವು ಬಲೆ ಹೊದಿಸಿದ್ದು ಪಡು ಬದಿಗೆ ಮಾತ್ರ. ತೆಂಕು ಬದಿಯ 40 ಹೆಂಚು ಹೋದವು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಶೀಟಿನ ಮಾಡಾದರೆ ಬೋಲ್ಟುಗಳನ್ನು ಬಿಗಿ ಮಾಡಿಸಿ. ತುಕ್ಕು ಹಿಡಿದವನ್ನು ಬದಲಿಸಿ. ಉಪ್ಪುಗಾಳಿಗೆ ಅವು ಬೇಗ ಸವೆಯುತ್ತವೆ.

ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿ. 1000 ಲೀಟರ್ ನೀರು ಎಂದರೆ ಒಂದು ಟನ್ ತೂಕ, ಗಾಳಿಗೆ ಕದಲುವುದಿಲ್ಲ. ಖಾಲಿ ಟ್ಯಾಂಕ್ ಚೆಂಡಿನ ಹಾಗೆ ಉರುಳುತ್ತದೆ. ಕರೆಂಟ್ ಹೋದ ಮೇಲೆ ಅದೇ ನೀರು ನಿಮಗೆ ಬೇಕಾಗುತ್ತದೆ. ಕುಡಿಯುವ ನೀರನ್ನು ಬೇರೆ ಕೊಡಗಳಲ್ಲಿ, ಮುಚ್ಚಳ ಇರುವ ಡಬ್ಬಗಳಲ್ಲಿ ತುಂಬಿಡಿ. ಒಬ್ಬರಿಗೆ ದಿನಕ್ಕೆ 4 ಲೀಟರ್‌ನಂತೆ ಕಡಿಮೆಯೆಂದರೂ ಮೂರು ದಿನಕ್ಕೆ.

ಮನೆಯ ಹತ್ತಿರದ ತೆಂಗಿನ ಮರದಿಂದ ಬಲಿತ ಕಾಯಿ, ಒಣ ಮಡಲು ಇಳಿಸಿ. ಜೋರು ಗಾಳಿಯಲ್ಲಿ ಕಾಯಿ ನೇರ ಕೆಳಗೆ ಬೀಳುವುದಿಲ್ಲ, ಕಿಟಕಿಗೆ ಬಂದು ಬಡಿಯುತ್ತದೆ. ಹೊರಗಿರುವ ತಗಡು, ಬಕೆಟ್, ಹೂಕುಂಡ, ಮೀನಿನ ಬುಟ್ಟಿ ಎಲ್ಲ ಒಳಗೆ ಬರಲಿ.

ಹಟ್ಟಿಯ ದನಗಳನ್ನು ಕಟ್ಟಿಹಾಕಿ ಹೋಗಬೇಡಿ. ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗಲು ಆಗದಿದ್ದರೆ ಹಗ್ಗ ಬಿಚ್ಚಿಬಿಡಿ. ಅವಕ್ಕೆ ನೀರಿನಿಂದ ದಾರಿ ಹುಡುಕಿಕೊಳ್ಳಲು ಗೊತ್ತು.

ದೋಣಿ ಮತ್ತು ಬೋಟು

ನಮ್ಮ ಮನೆಯವರು ಗಂಗೊಳ್ಳಿಯ ಪರ್ಸೀನ್ ಬೋಟಿನಲ್ಲಿ, ಅಂದರೆ ಮೀನಿನ ಹಿಂಡಿನ ಸುತ್ತ ದೊಡ್ಡ ಬಲೆ ಬೀಸುವ ಬೋಟಿನಲ್ಲಿ, ದುಡಿಯುತ್ತಾರೆ. ಮಾವನದು ನಾಡದೋಣಿ. ಇಬ್ಬರ ಮಾತನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕಡಲಿಗೆ ಇಳಿಯಬೇಡಿ ಎಂದು ಎಚ್ಚರಿಕೆ ಬಂದ ದಿನ ಇಳಿಯಬೇಡಿ. ಒಂದು ದಿನದ ಮೀನಿಗೆ ಅಷ್ಟು ಬೆಲೆ ಇಲ್ಲ. ಆಳ ಸಮುದ್ರದಲ್ಲಿರುವವರಿಗೆ ಸುದ್ದಿ ಮುಟ್ಟಿಸುವುದು ಇನ್ನೂ ಮುಖ್ಯ. 2017ರಲ್ಲಿ ಓಖಿ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಮೊದಲೇ ದೂರ ಹೋಗಿದ್ದರು. ಅಷ್ಟು ದೂರಕ್ಕೆ ಮೊಬೈಲ್ ಸಿಗ್ನಲ್ ಹೋಗುವುದಿಲ್ಲ. ಬದುಕಿ ಬಂದವರ ಬೋಟುಗಳು ದಿಕ್ಕು ತಪ್ಪಿ ಬೇರೆ ರಾಜ್ಯದ ಬಂದರುಗಳನ್ನು ಸೇರಿದವು. ನಿಮ್ಮ ಮನೆಯವರ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಹೊರಟ ದಿನ, ಜೊತೆಗಿರುವವರ ಹೆಸರು ಮನೆಯಲ್ಲಿ ಬರೆದಿರಲಿ. ಸಂಪರ್ಕ ಸಿಗದಿದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ. ಅವರು ಮೊದಲು ಕೇಳುವುದೇ ಇವನ್ನು.

ನಾಡದೋಣಿಯನ್ನು ಯಾವಾಗಲೂ ಎಳೆದಿಡುವ ಜಾಗದಲ್ಲಿ ಬಿಡಬೇಡಿ, ಇನ್ನೂ ಮೇಲೆ ಎಳೆಯಿರಿ. ಎಂಜಿನ್ ಬಿಚ್ಚಿ ಮನೆಗೆ ತನ್ನಿ. ಬಲೆಯನ್ನು ಶೆಡ್‌ನಲ್ಲಿ ಬಿಡಬೇಡಿ. ಆ ವರ್ಷ ಶೆಡ್‌ನ ಜೊತೆ ಬಲೆಯೂ ಹೋದವರು ನಮ್ಮ ಓಣಿಯಲ್ಲೇ ಮೂವರು. ಬಂದರಿನಲ್ಲಿ ಬೋಟ್ ಕಟ್ಟುವಾಗ ಹಗ್ಗವನ್ನು ತೀರಾ ಬಿಗಿ ಮಾಡಬೇಡಿ. ನೀರು ಏರಿದಾಗ ಬೋಟೂ ಏರಬೇಕು, ಬಿಗಿ ಹಗ್ಗ ತುಂಡಾಗುತ್ತದೆ. ಬೋಟುಗಳ ನಡುವೆ ಹಳೆ ಟಯರ್ ನೇತುಹಾಕಿ. ಆಮೇಲೆ ಬೋಟ್ ಕಾಯುತ್ತೇನೆ ಎಂದು ಯಾರೂ ಅದರಲ್ಲಿ ಮಲಗಬಾರದು.

ಮನೆ ಬಿಡುವ ಹೊತ್ತು

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಸಾಮಾನು ಕಟ್ಟುವುದು ಕಷ್ಟವಲ್ಲ, ಹಿರಿಯರನ್ನು ಎಬ್ಬಿಸುವುದು ಕಷ್ಟ.

15ರ ಮಧ್ಯಾಹ್ನ ನೀರು ಅಂಗಳಕ್ಕೆ ಬಂದಾಗಲೂ ಮಾವ ಜಗಲಿ ಬಿಟ್ಟು ಏಳಲಿಲ್ಲ. ಎಪ್ಪತ್ತು ವರ್ಷ ಈ ಕಡಲು ನೋಡಿದವನು ನಾನು ಎಂದರು. ಅವರಿಗೆ ಎದುರು ಮಾತಾಡಲು ನನಗೆ ಧೈರ್ಯ ಇರಲಿಲ್ಲ. ಕೊನೆಗೆ ಅತ್ತೆ ದೇವರ ಫೋಟೋ, ದೀಪ ಎತ್ತಿಕೊಂಡು ಮೆಟ್ಟಿಲು ಇಳಿದರು. ಆಗ ಅವರೂ ಎದ್ದರು. ಅಷ್ಟರಲ್ಲಿ ಓಣಿಯಲ್ಲಿ ಮೊಣಕಾಲಿನವರೆಗೆ ನೀರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದೆ. ನೀರಿನ ಕೆಳಗೆ ಚರಂಡಿ ಎಲ್ಲಿದೆ, ಕಲ್ಲು ಎಲ್ಲಿದೆ ಕಾಣುತ್ತಿರಲಿಲ್ಲ. ಅಷ್ಟು ತಡ ಮಾಡಬಾರದಿತ್ತು.

ಈಗ ನಾವು ಮೊದಲೇ ಮಾತಾಡಿ ಇಟ್ಟುಕೊಂಡಿದ್ದೇವೆ. ನಮ್ಮ ಜಿಲ್ಲೆಗೆ ಕೆಂಪು ಎಚ್ಚರಿಕೆ ಇದ್ದು, ತೆರೆಯ ನೀರು ತಡೆಗೋಡೆಯ ತುದಿ ಮುಟ್ಟಿದರೆ ಹೊರಡುವುದೇ. ರಾತ್ರಿ ಉಬ್ಬರ ಇದ್ದರೆ ಅದಕ್ಕೆ ಮೊದಲು, ಬೆಳಕು ಇರುವಾಗಲೇ. ಊರಿನವರು ಅಥವಾ ಪಂಚಾಯತಿಯವರು ಹೊರಡಿ ಎಂದರೆ ವಾದ ಮಾಡುವುದಿಲ್ಲ. ಈ ಮಾತನ್ನು ಬಿಸಿಲಿನ ದಿನ, ಎಲ್ಲರೂ ಊಟಕ್ಕೆ ಕೂತಾಗ ಆಡಿ. ಗಾಳಿ ಬೀಸುವಾಗ ಆಡಿದರೆ ಜಗಳವಾಗುತ್ತದೆ.

ಎಲ್ಲಿಗೆ ಹೋಗುವುದು? ನಮ್ಮ ನಾದಿನಿಯ ಮನೆ ಗುಡ್ಡೆಯ ಮೇಲಿದೆ, ಅಲ್ಲಿಗೆ. ಸಂಬಂಧಿಕರ ಮನೆ ಇಲ್ಲದವರು ಶಾಲೆಯಲ್ಲಿ ತೆರೆಯುವ ಕಾಳಜಿ ಕೇಂದ್ರಕ್ಕೆ. ಹೊಳೆ ಬದಿಯ ಮನೆ ಆಗುವುದಿಲ್ಲ, ಅದು ಕಡಲಿನಿಂದ ದೂರವಿದ್ದರೂ. ಕಡಲು ಏರಿದಾಗ ಹೊಳೆಯ ನೀರು ಅಳಿವೆಯಲ್ಲಿ ಹೊರಗೆ ಹೋಗಲಾರದೆ ಹಿಂದಕ್ಕೆ ತುಂಬಿಕೊಳ್ಳುತ್ತದೆ. ಮೇಲಿನಿಂದ ಮಳೆ ನೀರೂ ಬರುತ್ತಿರುತ್ತದೆ.

ಚೀಲದಲ್ಲಿ ಏನಿರಬೇಕು ಎಂದರೆ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಮನೆಯ ತೆರಿಗೆ ರಸೀದಿ, ದೋಣಿಯ ಕಾಗದ, ಎಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಹತ್ತು ದಿನಕ್ಕಾಗುವಷ್ಟು. ಇನ್ಸುಲಿನ್ ಇದ್ದರೆ ನೀರಿರುವ ಮಡಕೆಯೊಳಗೆ ಚಿಕ್ಕ ಡಬ್ಬಿಯಲ್ಲಿ ತೇಲಿಸಿಡಿ, ಫ್ರಿಜ್ ಇಲ್ಲದಿದ್ದರೂ ತಂಪಾಗಿರುತ್ತದೆ. ಟಾರ್ಚ್, ಪವರ್ ಬ್ಯಾಂಕ್, ಚಿಕ್ಕ ರೇಡಿಯೋ. ಅವಲಕ್ಕಿ, ಬೆಲ್ಲ, ಬಿಸ್ಕತ್ತು. ಹೆಣ್ಣುಮಕ್ಕಳಿಗೆ ಪ್ಯಾಡ್, ಒಂದು ಜೊತೆ ಒಣ ಬಟ್ಟೆ, ಹೊದೆಯಲು ದೊಡ್ಡ ಶಾಲು. ಎಷ್ಟೋ ಹೆಂಗಸರು ಕೇಂದ್ರಕ್ಕೆ ಬರಲು ಹಿಂಜರಿಯುವುದು ಇಂಥ ಕಾರಣಕ್ಕೇ. ಅದನ್ನು ಮೊದಲೇ ಯೋಚಿಸಿದರೆ ಹೊರಡುವುದು ಸುಲಭ.

ನಂಬರುಗಳನ್ನು ಕಾಗದದಲ್ಲೂ ಬರೆದುಕೊಳ್ಳಿ. ತುರ್ತಿಗೆ 112, ಜಿಲ್ಲೆಯ ಕಂಟ್ರೋಲ್ ರೂಮಿಗೆ 1077, ಕರೆಂಟ್ ತಂತಿ ಬಿದ್ದರೆ 1912. ಕಾಲ್ ಹೋಗದಿದ್ದರೆ ಎಸ್‌ಎಂಎಸ್ ಕಳಿಸಿ ನೋಡಿ, ಎಷ್ಟೋ ಸಲ ಹೋಗುತ್ತದೆ.

ಹೊರಡುವಾಗ ಮೇನ್ ಸ್ವಿಚ್ ಆಫ್, ಗ್ಯಾಸ್ ರೆಗ್ಯುಲೇಟರ್ ಆಫ್. ಮನೆಯ ನಾಲ್ಕೂ ಬದಿಯ ಫೋಟೋ ತೆಗೆದುಕೊಳ್ಳಿ, ಹಟ್ಟಿ, ಶೆಡ್, ದೋಣಿ, ತೋಟ ಎಲ್ಲದರದ್ದೂ. ಇದರ ಬೆಲೆ ನಮಗೆ ಆಮೇಲೆ ತಿಳಿಯಿತು. ಶೆಡ್ ಇದ್ದ ಜಾಗದಲ್ಲಿ ಬರೀ ಮರಳು ಉಳಿದಿತ್ತು. ಇಲ್ಲಿ ಶೆಡ್ ಇತ್ತು ಎಂದು ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಅದು ಸೇರಲೇ ಇಲ್ಲ.

ಗಾಳಿ ತಿರುಗುತ್ತದೆ

ತೆಂಕು ಬದಿಯ ಹೆಂಚು ಯಾಕೆ ಹೋಯಿತು ಎಂದು ಹೇಳುತ್ತೇನೆ ಎಂದಿದ್ದೆ ಅಲ್ವಾ. ನಮ್ಮ ಭಾಗದಲ್ಲಿ ತೂಫಾನಿನ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದು ನಮ್ಮ ಪಡುವಣ ಕಡಲಲ್ಲಿ ತೆಂಕಿನಿಂದ ಬಡಗಿಗೆ ಹೋಗುವಾಗ, ಮೊದಲು ನಮಗೆ ಮೂಡು ಮತ್ತು ತೆಂಕುಮೂಡಿನಿಂದ ಗಾಳಿ ಬರುತ್ತದೆ. ನೇರ ಪಡುವಣಕ್ಕೆ ಬಂದಾಗ ಗಾಳಿ ತೆಂಕಿನಿಂದ. ಅದು ನಮ್ಮನ್ನು ದಾಟಿ ಗೋವಾದ ಕಡೆ ಹೋದ ಮೇಲೆ ಗಾಳಿ ತೆಂಕುಪಡುವಿನಿಂದ, ಅಂದರೆ ಕಡಲಿನಿಂದಲೇ ಹೊಡೆಯುತ್ತದೆ. ಕಡಲಿನ ಗಾಳಿ ಪಡುವಿನಿಂದ ಮಾತ್ರ ಎಂದುಕೊಂಡು ನಾವು ಒಂದೇ ಬದಿ ಕಟ್ಟಿದ್ದೆವು.

ಮಾವನಿಗೆ ಒಂದು ಲೆಕ್ಕ ಗೊತ್ತಿತ್ತು. ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ತೂಫಾನಿನ ನಡುಭಾಗ ನಿಮ್ಮ ಎಡಗೈ ಬದಿಗೆ ಇರುತ್ತದೆ. ಫೋನ್ ಸತ್ತುಹೋದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ನಾದಿನಿಯ ಅಂಗಳದಲ್ಲಿ ಅವರು ಹಾಗೆ ನಿಂತು, ಈಗ ನೇರ ಪಡುವಿಗಿದೆ, ಇನ್ನು ಗಾಳಿ ತಿರುಗುತ್ತದೆ ಎಂದರು. ತಿರುಗಿತು.

ಹಾಗಾಗಿ ಟಿವಿಯಲ್ಲಿ ತೂಫಾನು ನಿಮ್ಮ ಜಿಲ್ಲೆ ದಾಟಿತು ಎಂದ ಕೂಡಲೇ ಮನೆಗೆ ಓಡಬೇಡಿ. ದೊಡ್ಡ ತೆರೆ ಬರುವುದು ಆಗಲೇ. ಇನ್ನೂ ಎರಡು ಉಬ್ಬರ ಕಳೆಯಲಿ.

ಮರಳಿ ಬಂದ ಮೇಲೆ

ಚಪ್ಪಲಿ ಹಾಕದೆ ಅಂಗಳಕ್ಕೆ ಕಾಲಿಡಬೇಡಿ. ಒಡೆದ ಹೆಂಚು, ಮೊಳೆ, ಗಾಜು ಮರಳಿನಡಿ ಇರುತ್ತವೆ. ಬಿದ್ದ ತಂತಿಯ ಹತ್ತಿರ ಯಾರನ್ನೂ ಬಿಡಬೇಡಿ, ಕರೆಂಟ್ ಇಲ್ಲ ಎಂದು ಕಂಡರೂ. ಉಪ್ಪುನೀರು ಹೊಕ್ಕ ಸ್ವಿಚ್ ಬೋರ್ಡ್, ಪಂಪ್‌ಗಳನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ. ಕಟ್ಟಿಗೆ ರಾಶಿ, ಪಾತ್ರೆಯೊಳಗೆ ಹಾವು ಸೇರಿರಬಹುದು, ಕೋಲಿನಿಂದ ಕೆದಕಿ ನೋಡಿ. ಕಾಲಿಗೆ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ, ನಮ್ಮ ಕಡೆ ಇಲಿಜ್ವರ ಜಾಸ್ತಿ. ಆ ದಿನಗಳಲ್ಲಿ ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ನೀರಿನಲ್ಲಿ ನಡೆದಿದ್ದೆ ಎಂದು ಡಾಕ್ಟರಿಗೆ ಹೇಳಿ.

ಗುಡಿಸುವ ಮೊದಲು ಮತ್ತೆ ಫೋಟೋ ತೆಗೆಯಿರಿ, ಮೊದಲು ತೆಗೆದ ಜಾಗದಲ್ಲೇ ನಿಂತು. ಗ್ರಾಮ ಆಡಳಿತಾಧಿಕಾರಿ ಬಂದು ಹಾನಿ ಬರೆದುಕೊಳ್ಳುವಾಗ ಎರಡನ್ನೂ ತೋರಿಸಿ, ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಕೊನೆಗೆ ಬಾವಿ. ತೆರೆಯ ನೀರು ಬಿದ್ದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ರೋಗಾಣು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ನಾವು ಅವಸರದಲ್ಲಿ ಪಂಪ್ ಇಟ್ಟು ಬಾವಿ ಪೂರ್ತಿ ಬರಿದು ಮಾಡಿದೆವು. ಮರುದಿನ ನೀರು ಇನ್ನೂ ಉಪ್ಪಾಗಿತ್ತು. ಕಡಲ ಬದಿಯ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರೇ ಮೇಲೆ ಬರುತ್ತದೆ. ಕಸ ತೆಗೆದು, ದಿನಕ್ಕೆ ಸ್ವಲ್ಪ ಸ್ವಲ್ಪವೇ ನೀರು ಎತ್ತಿ ಹೊರಗೆ ಚೆಲ್ಲಿ. ಉಳಿದದ್ದನ್ನು ಮಳೆ ಮಾಡುತ್ತದೆ. ಸಿಹಿ ಬಂದ ಮೇಲೂ ಕುಡಿಯುವ ಮೊದಲು ಬ್ಲೀಚಿಂಗ್ ಮಾಡಿಸಿ. ಎಷ್ಟು ಹಾಕಬೇಕು ಎಂದು ಆಶಾ ಕಾರ್ಯಕರ್ತೆ ಬಾವಿ ನೋಡಿ ಹೇಳುತ್ತಾರೆ.

ಆ ವರ್ಷ ಜೂನ್ ಪೂರ್ತಿ ನಾದಿನಿಯ ಮನೆಯಿಂದ ದಿನಕ್ಕೆ ಎರಡು ಕೊಡ ನೀರು ಹೊತ್ತು ತಂದೆ. ಪ್ರತಿ ಬೆಳಿಗ್ಗೆ ಅತ್ತೆ ಬಾವಿಯಿಂದ ಒಂದು ಚೊಂಬು ಎತ್ತಿ, ನಾಲಿಗೆಗೆ ಹಚ್ಚಿ, ತಲೆ ಅಲ್ಲಾಡಿಸಿ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. ಜುಲೈ ಮೊದಲ ವಾರ ಒಂದು ದಿನ ಚೊಂಬನ್ನು ಚೆಲ್ಲದೆ ಅಡುಗೆಮನೆಗೆ ತಂದು, ಅನ್ನಕ್ಕೆ ಇದೇ ನೀರು ಇಡು ಎಂದರು.